ಗೆರೆಯಣ್ಣನ ಸೇತುವೆ

"ಯಜಮಾನ್ರೇ, ಸ್ವಲ್ಪ ಹಿಂದೆ ಸರೀರಿ! ಚಿತ್ರಕ್ಕೆ ಮೂಗು ತಾಗುತ್ತೆ!"

ಚಿತ್ರಶಾಲೆಯ ಕಾವಲಿನ ಹೆಂಗಸು ಕೂಗಿದರೂ ಗೆರೆಯಣ್ಣ ಅಲುಗಲಿಲ್ಲ. ಪಕ್ಕದ ಚೀಟಿಯಲ್ಲಿ ‘ತೋಟದ ಕೊಳದ ಮೇಲೊಂದು ಸೇತುವೆ’ ಎಂದು ಬರೆದಿತ್ತು. ಅವನ ಕಣ್ಣಿಗೆ ಕಂಡದ್ದು ಹಸಿರು ಬಣ್ಣದ ಮುದ್ದೆ, ನೀಲಿ ಗೀಚು, ಅಲ್ಲಲ್ಲಿ ಗುಲಾಬಿ ಚುಕ್ಕೆ, ಅಷ್ಟೆ.

"ಸೇತುವೆ ಎಲ್ಲಮ್ಮಾ ಇದೆ? ಕೆಲಸ ಮುಗಿಸಿ ಕುಂಚ ಒರೆಸಿದ ಹಾಗಿದೆ. ಇದನ್ನ ನೋಡೋಕಾ ನನ್ನ ಎಳ್ಕೊಂಡು ಬಂದೆ?" ಎಂದು ಸೊಸೆಯ ಮೇಲೆ ರೇಗಿದ.

ಬೋರ್ಡು ಬರೆಯುವುದರಲ್ಲಿ ಎತ್ತಿದ ಕೈ ಅವನದು. ಸ್ಕೇಲು ಮುಟ್ಟದೆ ಎಳೆದ ಗೆರೆ ದಾರ ಹಿಡಿದಂತಿರುತ್ತಿತ್ತು. ಅದಕ್ಕೇ ಆ ಅಡ್ಡಹೆಸರು. ಈಗ ಎತ್ತಿದರೆ ಸಾಕು, ಆ ಕೈ ನಡುಗುತ್ತಿತ್ತು. ಔಷಧಿಗೆ ನಡುಕ ತಗ್ಗಿತೇ ಹೊರತು ಹೋಗಲಿಲ್ಲ. ಬಟ್ಟೆ ಅಂಗಡಿಯ ಹೊಸ ಬೋರ್ಡಿನಲ್ಲಿ ಅಕ್ಷರಗಳು ಕುಡಿದವರಂತೆ ತೂರಾಡಿದ ದಿನ, ಕುಂಚಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದು, ಬಲಗೈಯನ್ನು ಜೇಬಿಗೆ ತೂರಿಸಿಬಿಟ್ಟಿದ್ದ. ಊಟದ ಹೊತ್ತು ಬಿಟ್ಟರೆ ಅದು ಹೊರಗೆ ಬಂದದ್ದನ್ನು ಮನೆಯವರು ಕಂಡಿರಲಿಲ್ಲ. ಶಿಶುವಿಹಾರದಲ್ಲಿ ಪಾಠ ಹೇಳುವ ಸೊಸೆ, ಶಾಲೆಯ ಹೊರಗೋಡೆಗೆ ಏನಾದರೂ ಬರೆದುಕೊಡಿ ಎಂದು ಕೇಳಿ ಕೇಳಿ ಸೋತಿದ್ದಳು.

ಅವಳು ಮಾವನ ಎಡಗೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ, ಕೋಣೆಯ ನಡುವಿನ ಬೆಂಚಿನ ಹತ್ತಿರ ನಿಲ್ಲಿಸಿದಳು. "ಈಗ ನೋಡಿ ಮಾವ."

ಗೆರೆಯಣ್ಣ ನೋಡಿದ. ಹಸಿರು ಮುದ್ದೆಯೊಳಗಿಂದ ಸೇತುವೆಯೊಂದು ಬೆನ್ನು ಬಾಗಿಸಿ ಎದ್ದಿತು. ಗೀಚುಗಳೆಲ್ಲ ಕಲೆತು ನೀರಾದವು. ಚುಕ್ಕೆಗಳು ಹೂವಾಗಿ ತೇಲಿದವು. ದಡದ ಮರದ ನೆರಳು ನೀರಿನಲ್ಲಿ ಸಣ್ಣಗೆ ಅಲುಗಿತು. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಅವನ ಮುಖಕ್ಕೆ ತಣ್ಣನೆಯ ಗಾಳಿ ಸೋಕಿದಂತಾಯಿತು.

"ಅಬ್ಬಾ, ಕಳ್ಳ!" ಎಂದ.

ಮುಂದೆ ಹೋದ, ಬರೀ ಗೀಚು. ಹಿಂದೆ ಬಂದ, ನೀರು. ಹೋಗುವುದು, ಬರುವುದು, ಮತ್ತೆ ಹೋಗುವುದು. ಕಾವಲಿನ ಹೆಂಗಸಿಗೂ ನಗು ತಡೆಯಲಾಗಲಿಲ್ಲ. "ಏನು ಹುಡುಕ್ತಿದೀರಿ ಯಜಮಾನ್ರೇ?"

"ನೆಟ್ಟಗಿರೋ ಗೆರೆ ಹುಡುಕ್ತಿದೀನಮ್ಮಾ. ಒಂದಾದ್ರೂ ಇದ್ರೆ ತೋರಿಸಿ ನೋಡೋಣ!"

ಅವಳು ಬಗ್ಗಿ ನೋಡಿದಳು. "ಈ ಸೇತುವೆ ಕಟಕಟೆ?"

"ಅದೂ ತುಂಡು ತುಂಡು! ನೆಟ್ಟಗೆ ಎಳೆದಿದ್ರೆ ನೀರು ಸತ್ತೇ ಹೋಗ್ತಿತ್ತು. ಕುಂಚಾನ ಹೀಗೆ ಇಟ್ಟಿದಾನೆ, ಇಟ್ಟು ಹೀಗೆ ಬಿಟ್ಟಿದಾನೆ..."

ಹೇಳುತ್ತ ಹೇಳುತ್ತ ಬಲಗೈ ಜೇಬಿನಿಂದ ಹೊರಗೆ ಬಂದು ಗಾಳಿಯಲ್ಲಿ ಆಡತೊಡಗಿತು. ಕೈ ಎಂದಿನಂತೆ ನಡುಗುತ್ತಿತ್ತು. ಗೆರೆಯಣ್ಣನೂ ಅದನ್ನು ಕಂಡ. ಒಂದು ಗಳಿಗೆ ಕೈಯನ್ನೇ ನೋಡಿದ, ಆಮೇಲೆ ಚಿತ್ರವನ್ನು, ಮತ್ತೆ ಕೈಯನ್ನು. ಅದನ್ನು ಜೇಬಿಗೆ ಹಾಕಲಿಲ್ಲ.

"ನಿಮ್ಮ ಶಾಲೆ ಗೋಡೆ ಇನ್ನೂ ಖಾಲಿ ಇದೆಯೇನಮ್ಮಾ?"

ಶಾಲೆಗೆ ರಜೆ ಬಿಟ್ಟ ವಾರ, ಅಟ್ಟದಿಂದ ಇಳಿದ ಕುಂಚಗಳು ಗೋಡೆ ಹತ್ತಿದವು. ಮೊದಲ ದಿನ ಹಳೇ ಚಾಳಿಯಂತೆ ಕೊಳದ ಸೇತುವೆಯನ್ನು ನೆಟ್ಟಗೆ ಎಳೆಯಲು ಹೋಗಿ, ತನ್ನನ್ನೇ ಬೈದುಕೊಂಡು ಸುಣ್ಣ ಬಳಿದು ಅಳಿಸಿದ. ಆಮೇಲೆ ಕೈಯ ಜೊತೆ ಜಗಳ ಬಿಟ್ಟ. ಅದು ಎಲ್ಲಿ ನಡುಗಿತೋ ಅಲ್ಲಿ ನೀರು ಅಲುಗಿತು. ಬೀದಿಯಲ್ಲಿ ಹೋಗುವವರು ಸೈಕಲ್ಲು ಇಳಿದರು. ಚೀಲ ಕೆಳಗಿಟ್ಟು ನಿಂತರು. ಕೊನೆಯ ದಿನ ಸಂಜೆ ಬಿಸಿಲು ಗೋಡೆಗೆ ಬಿದ್ದಾಗ ಗೇಟಿನ ಹೊರಗಿನ ಗುಂಪು ತಾನಾಗಿ ಚಪ್ಪಾಳೆ ತಟ್ಟಿತು. ಗೆರೆಯಣ್ಣ ಏಣಿ ಇಳಿದು, ಅವರ ಜೊತೆ ನಿಂತು, ತನ್ನ ಕೊಳವನ್ನು ಕಣ್ತುಂಬ ನೋಡಿದ.

"ಹೆಸರು ಹಾಕಿ ಮಾವ," ಎಂದಳು ಸೊಸೆ.

ಬೀದಿ ಬೀದಿಗೆ ಹೆಸರು ಬರೆದವನು ತನ್ನ ಹೆಸರನ್ನು ಎಲ್ಲೂ ಬರೆದಿರಲಿಲ್ಲ. ಮಂಡಿಯೂರಿ ಕೂತು, ಕೊಳದ ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಮೊದಲ ಅಕ್ಷರ ಬರೆದ. ಅದು ತೂಗಾಡಿತು. ಎರಡನೆಯದು ಇನ್ನೂ ಹೆಚ್ಚು.

"ಅಕ್ಷರ ಅಲ್ಲಾಡ್ತಿದೆ ಮಾವ, ಮೊಣಕೈ ಹಿಡ್ಕೊಳ್ಲಾ?"

"ಬೇಡಮ್ಮಾ, ಅಲ್ಲಾಡ್ಲಿ ಬಿಡು," ಎಂದ ಗೆರೆಯಣ್ಣ, ತಲೆ ಎತ್ತದೆ. "ನೀರಿನ ಮೇಲೆ ಬರೀತಿದೀನಲ್ಲ!"