ನೂರಕ್ಕೆ ನೂರು ಸ್ಥಳಾಂತರ

ಚಂಡಮಾರುತ ದಡ ಮುಟ್ಟಲು ಇನ್ನು ಅರ್ಧ ಗಂಟೆಯಿತ್ತು. ಕಂಟ್ರೋಲ್ ರೂಮಿಗೆ ಗೋಡಂಬಿ, ಬಿಸ್ಕತ್ತು ಮಾತ್ರ ಸಕಾಲಕ್ಕೆ ಬಂದು ತಲುಪಿದ್ದವು.

"ಕಡಲ ದಂಡೆಯ ಹಳ್ಳಿಯಿಂದ ಸ್ಥಳಾಂತರ ಎಷ್ಟಾಯ್ತ್ರೀ?" ಜಿಲ್ಲಾಧಿಕಾರಿ ಕೇಳಿದರು.

"ನೂರಕ್ಕೆ ನೂರು ಸರ್. ನಾಲ್ಕು ಲಾರಿ ಹೋಗಿವೆ. ಫೋಟೋನೂ ಗ್ರೂಪಿಗೆ ಹಾಕಿದ್ದೀನಿ," ಎಂದರು ತಹಶೀಲ್ದಾರರು.

ಫೋಟೋದಲ್ಲಿ ಟಾರ್ಪಾಲು ಬಿಗಿದ ನಾಲ್ಕು ಲಾರಿಗಳಿದ್ದವು. ಸಾಹೇಬರು ಅದನ್ನು ಬೆಂಗಳೂರಿಗೆ ಕಳಿಸಿದರು. ಮಂತ್ರಿಗಳಿಂದ ಕೈ ಮುಗಿಯುವ ಚಿತ್ರ ಬಂತು. ಟೀವಿಯಲ್ಲಿ 'ಜಿಲ್ಲಾಡಳಿತ ಸರ್ವಸನ್ನದ್ಧ' ಎಂಬ ಸಾಲು ಓಡತೊಡಗಿತು.

ಗಾಳಿ ಕಿಟಕಿಗಳನ್ನು ಬಡಿಯುವ ಹೊತ್ತಿಗೆ ಸಹಾಯವಾಣಿ ಹೊಡೆದುಕೊಂಡಿತು. ಎದುರಿಗೆ ಕ್ಯಾಮೆರಾ ಇದ್ದುದರಿಂದ ಸಾಹೇಬರೇ ಎತ್ತಿದರು.

ಅದೇ ಹಳ್ಳಿಯ ಹೆಂಗಸು. "ನೀರು ಮನೆಯೊಳಗೆ ಬಂತು ಮಾರಾಯ್ರೆ. ಮಕ್ಕಳುಮರಿ ಕಟ್ಟಿಕೊಂಡು ಊರಿಗೆ ಊರೇ ಶಾಲೆಯ ಟೆರೇಸಿನ ಮೇಲೆ ಇದ್ದೇವೆ. ಯಾರಾದ್ರೂ ಬರ್ತೀರಾ, ಇಲ್ವಾ?"

ಸಾಹೇಬರು ಫೋನಿಗೆ ಕೈ ಅಡ್ಡ ಹಿಡಿದರು. "ಏನ್ರೀ ಇದು? ಹಾಗಾದ್ರೆ ಲಾರಿಯಲ್ಲಿ ಹೋದವರು ಯಾರು?"

"ಯಾರೂ ಇಲ್ಲ ಸರ್, ಸರ್ಕಾರಿ ಸ್ವತ್ತು. ಪಂಚಾಯ್ತಿಯ ಕುರ್ಚಿ, ಬೀರು, ಕಂಪ್ಯೂಟರ್. ಒಂದು ಸ್ಟೂಲನ್ನೂ ಬಿಟ್ಟಿಲ್ಲ."

"ತಲೆ ಕೆಟ್ಟಿದೆಯೇನ್ರೀ ನಿಮಗೆ? ಮೊದಲು ರಕ್ಷಣಾ ದೋಣಿಗಳನ್ನ ಕಳಿಸಿ!"

"ಅವು ಮೊದಲ ಲಾರಿಯಲ್ಲೇ ಘಟ್ಟ ಹತ್ತಿವೆ ಸರ್. ಹೋದ ಸಲ ಜನರನ್ನ ಸಾಗಿಸುವಾಗ ದೋಣಿಗೆ ಗೀರು ಬಿತ್ತು ಅಂತ ನೀವೇ ನನಗೆ ನೋಟಿಸ್ ಕೊಟ್ಟಿದ್ರಲ್ಲ."