ನೆಟ್ಟಿನ ಎತ್ತರ

ಹಿತ್ತಲಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಕೊನೆಯ ಸುರುಳಿಯನ್ನು ಹಾಸಲು ಕೆಲಸದವರು ನೆಲಕ್ಕೆ ಅಂಟು ಬಳಿದಿದ್ದರು. ಆಗ ಆಸ್ಪತ್ರೆಯಿಂದ ಅಜ್ಜನಿಗೆ ಮಗನ ಫೋನು ಬಂತು. "ಅಪ್ಪಾ, ಪುಟ್ಟಿ ಹೋಗ್ಬಿಟ್ಳು" ಎಂದಷ್ಟೇ ಹೇಳಿ ಅವನು ಫೋನಿಟ್ಟ. ಮೊಮ್ಮಗಳು ವಾಸಿಯಾಗಿ ಬಂದು ಆಡಲೆಂದೇ ಅಜ್ಜ ಆ ಬ್ಯಾಡ್ಮಿಂಟನ್ ಅಂಕಣ ಹಾಕಿಸುತ್ತಿದ್ದರು.

ಕಂಬ ನಿಲ್ಲಿಸುತ್ತಿದ್ದ ಮೇಸ್ತ್ರಿಗೆ ಇದು ತಿಳಿಯದು. "ಯಜಮಾನ್ರೇ, ಮೊಮ್ಮಗಳು ಎಷ್ಟೆತ್ತರ ಇದಾಳೆ? ದೊಡ್ಡೋರ ಲೆಕ್ಕಕ್ಕೆ ನೆಟ್ ಕಟ್ಟಿದ್ರೆ ಕೆಳಗಿಂದ ನುಸುಳಿ ಬಂದು ನಿಮ್ಮ ಬ್ಯಾಟೇ ಕಿತ್ಕೋತಾಳೆ" ಎಂದು ನಕ್ಕ.

ಅಜ್ಜ ಅಂಗೈಯನ್ನು ಎದೆಯ ಕೆಳಗೆ ಚಾಚಿದರು. ದಿನವೂ ಅವಳ ನೆತ್ತಿ ಸವರುತ್ತಿದ್ದ ಕೈ ತಾನಾಗಿಯೇ ಅಲ್ಲಿಗೆ ಹೋಗಿ ನಿಂತಿತು. ಮೇಸ್ತ್ರಿ ಕೆಳಗಿನಿಂದ ಟೇಪು ಹಿಡಿದ. "ಅಲ್ಲಾಡಿಸ್ಬೇಡಿ, ಅಳತೆ ತಪ್ಪುತ್ತೆ" ಎಂದು ತಲೆಯೆತ್ತಿದವನು ಅವರ ಮುಖ ನೋಡಿ ಟೇಪನ್ನು ಮೆಲ್ಲಗೆ ಮಡಚಿದ.

"ಕೆಲಸ ನಿಲ್ಲಿಸ್ಲಾ?"

"ಬೇಡಪ್ಪ, ಅಂಟು ಒಣಗಿಹೋಗುತ್ತೆ. ನೆಟ್ ಇಲ್ಲಿಗೇ ಕಟ್ಟು."

ಅಜ್ಜ ಕೈ ಇಳಿಸಲಿಲ್ಲ. ದೇವರೇ, ಇನ್ನು ಈ ನೆತ್ತಿಯ ಮೇಲೆ ನಿನ್ನ ಕೈ ಇರಲಿ, ನನ್ನ ಮಗುವಿಗೆ ಶಾಂತಿ ಕೊಡು ಎಂದು ಬೇಡಿಕೊಂಡರು.