ಅಲ್ಲಾಡಿಸಿ ನೋಡದ ಕಾಯಿ

ಅಟ್ಟದಿಂದ ಇಳಿಸಿದ ತೆಂಗಿನಕಾಯಿಯನ್ನು ಜೀವಿತಾ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾಗ ಫೋನ್ ಬಂತು. ಒಳಗೆ ಕೊಬ್ಬರಿ ಉರುಳುವ ಸದ್ದು ಬಂದರೆ ಸುಲಿಯುವ ರಾಶಿಗೆ, ಇಲ್ಲದಿದ್ದರೆ ಇನ್ನಷ್ಟು ಒಣಗಲು ಮತ್ತೆ ಅಟ್ಟಕ್ಕೆ. ಮಗಳು ಗಾನವಿಯೂ ಪಕ್ಕದಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು.

"ಕೊಬ್ಬರಿ ಮಂಡಿಗಳಿಗೆ ನೀವು ಮಾಡಿರೋ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರೋದನ್ನ ನಮಗೇ ಬಿಟ್ಬಿಡಿ ಮೇಡಂ. ನಮ್ಮ ಹುಡುಗ್ರು ಏನ್ ಕೊಟ್ರೂ ಮಾರ್ತಾರೆ. ಆದ್ರೆ ಆಮೇಲೆ ನೀವು ಯಾರಿಗೂ ಮಾರೋ ಹಂಗಿಲ್ಲ. ಇವತ್ತೇ ಹೇಳಿ," ಎಂದ, ಒಂದು ವಾರದಿಂದ ಬೆನ್ನು ಬಿದ್ದಿದ್ದ ತುಮಕೂರಿನ ಸಾಫ್ಟ್‌ವೇರ್ ಡೀಲರ್.

ಒಪ್ಪಿದರೆ ತಿಪಟೂರಿನ ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತಿತ್ತು. ಆದರೆ ತಾನೇ ಕೂತು ಕಲಿಸಿದ ಮಂಡಿಯವರು ನಾಳೆ ಏನಾದರೂ ತೊಡಕಾದರೆ ಯಾರನ್ನು ಕೇಳಬೇಕು? ದಣಿವೇ ಗೆದ್ದು, "ಆಯ್ತು" ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲೇ ಕೂತು ಫೋನಿನ ಮಾತು ಕೇಳಿಸಿಕೊಂಡಿದ್ದ ಗಾನವಿ ಅಮ್ಮನ ತೋಳು ಜಗ್ಗಿ, ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

ಜೀವಿತಾ ನಕ್ಕೇಬಿಟ್ಟಳು. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ನಾಳೆಯೂ ಮಂಡಿಗೆ ತಾನೇ ಹೋಗುವುದು, ಅಷ್ಟೇ. ಸ್ಪೀಕರ್ ಒತ್ತಿ ಫೋನನ್ನು ಮಗಳ ಮುಂದೆ ಹಿಡಿದಳು. "ನೀನೇ ಕೇಳು ಕಣೇ, ಗಟ್ಟಿಯಾಗಿ."

"ಅಂಕಲ್, ನಮ್ಮಮ್ಮನ ಸಾಫ್ಟ್‌ವೇರ್‌ನ ನೀವು ಒಂದ್ಸಲನಾದ್ರೂ ಅಲ್ಲಾಡ್ಸಿ ನೋಡಿದ್ದೀರಾ?"